ಕೆಂಪು ದಾರದ ಇಪ್ಪತ್ತೇಳು

ಹೋದ ಭಾನುವಾರ ನೀವಿಬ್ಬರೂ ನಮ್ಮ ಮನೆಯ ಮುಂಭಾಗದಲ್ಲಿ ಬಾಡಿಗೆಗಿರುವ ಅಕ್ಕಂದಿರ ಕೋಣೆಗೆ ಹೇಳದೆ ಕೇಳದೆ ನುಗ್ಗಿದಿರಿ. ಅಲ್ಲಿ ದುಪ್ಪಟಿಯ ಮೂಲೆಯಲ್ಲಿ ಕೆಂಪು ದಾರದಲ್ಲಿ ಹೊಲಿದಿದ್ದ ಇಪ್ಪತ್ತೇಳು ನಂಬರನ್ನು ನೋಡಿ ಕೈದಿ ನಂಬರು ಅಂತ ನಕ್ಕಿರಿ. ದೊಡ್ಡಕ್ಕ ನಿಮ್ಮನ್ನು ಹೊರಗೆ ಹಾಕಿ ಚಿಲಕ ಹಾಕಿಕೊಂಡಳು. ನೀವು ನನ್ನ ಹತ್ತಿರ ಬಂದು, ನಮ್ಮ ಮನೆಗೆ ನಾವು ಹೋಗೋಕೆ ಅವಳ ಅಪ್ಪಣೆ ಬೇಕಾ ಅಜ್ಜಿ ಅಂತ ಕೇಳಿದಿರಿ. ನಾನು ಕೇಳಿಸದವಳ ಹಾಗೆ ಸೊಪ್ಪು ಬಿಡಿಸುತ್ತಾ ಕೂತೆ. ಬಾಯಲ್ಲಿ ಹೇಳುವುದು ನನಗೆ ಮೊದಲಿನಿಂದಲೂ ಬರುವುದಿಲ್ಲ. ಊರಿನ ಸ್ಕೂಲಿನಲ್ಲಿ ಏಳನೆಯ ಕ್ಲಾಸಿನವರೆಗೆ ಕಲಿತ ಅಕ್ಷರ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ತಾತ ತೀರಿಕೊಂಡು ಎರಡು ವರ್ಷವಾಗಿತ್ತು. ನಂಜನಗೂಡಿನಲ್ಲಿ ಒಂದು ಸಂಸ್ಥೆಯವರು ಹೊಸ ಕೆಲಸ ಶುರು ಮಾಡಿದ್ದರು. ಅಪ್ಪ ಅಮ್ಮ ಇಲ್ಲದ ಮಕ್ಕಳು, ಇದ್ದೂ ಇಲ್ಲದ ಮಕ್ಕಳು ಬಾಲಮಂದಿರದಲ್ಲಿ ಬೆಳೆಯುತ್ತಾರೆ. ಹದಿನೆಂಟು ತುಂಬಿದರೆ ಅಲ್ಲಿರುವ ಹಾಗಿಲ್ಲ, ಟ್ರಂಕು ಹಿಡಿದು ಹೊರಡಬೇಕು. ಅಂಥ ಹೆಣ್ಣುಮಕ್ಕಳಿಗೆ ಬಾಡಿಗೆ ಮನೆ ಮಾಡಿಕೊಟ್ಟು, ಕೆಲಸ ಸಿಕ್ಕಿ ಕಾಲೂರುವವರೆಗೆ ನೋಡಿಕೊಳ್ಳುವುದು ಸಂಸ್ಥೆಯ ಕೆಲಸ. ಜೊತೆಗಿರಲು ಒಬ್ಬ ಹೆಂಗಸು ಬೇಕಾಗಿತ್ತು. ಅಲ್ಲಿಯ ಮೇಡಂ ನನ್ನನ್ನು ನೋಡಿ, ನೀವು ಹೆಚ್ಚು ಮಾತಾಡಲ್ಲ, ಅದು ಒಳ್ಳೆಯದೇ ಅಂದರು. ಅದು ಒಳ್ಳೆಯದಾಗಲಿಲ್ಲ.

ಮೊದಲನೆಯ ಕೆಲಸ ಮನೆ ಹುಡುಕುವುದು. ಬಾಡಿಗೆ ಸಂಸ್ಥೆ ಕೊಡುತ್ತಿತ್ತು. ಮಕ್ಕಳ ಕಲ್ಯಾಣ ಸಮಿತಿಯ ಆದೇಶ, ಸಂಸ್ಥೆಯ ಪತ್ರ, ನನಗೆ ಒಪ್ಪಿಸಿದ್ದ ಮೂವರು ಹುಡುಗಿಯರ ಫೋಟೊ ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಈ ಕಾಗದ ತೋರಿಸಿ ಕೇಳಿ ಅಂತ ಮೇಡಂ ಕೊಟ್ಟಿದ್ದರು. ನಾನು ಕವರನ್ನು ಚೀಲದಲ್ಲಿಟ್ಟುಕೊಂಡು ಬೀದಿ ಬೀದಿ ಅಲೆದೆ. ಹೋದ ಕಡೆಯೆಲ್ಲ ಮೊದಲ ಪ್ರಶ್ನೆ ಎಷ್ಟು ಜನ, ಎರಡನೆಯದು ಗಂಡಸರು ಯಾರಿದ್ದಾರೆ, ಮೂರನೆಯದು ನೀವು ಯಾವ ಜನ. ನನ್ನ ಜನ ಹೇಳಿ ಮೂರು ಮನೆ ಹೋಯಿತು. ಹುಡುಗಿಯರ ಜನ ಹೇಳಲು ಗೊತ್ತಿಲ್ಲದೆ ನಾಲ್ಕು ಮನೆ ಹೋಯಿತು. ಬಾಲಮಂದಿರ ಅನ್ನುವ ಪದ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಲ್ಲುತ್ತಿತ್ತು.

ಎಂಟನೆಯ ಮನೆಯಾಕೆ ಜಾತಿ ಕೇಳಲಿಲ್ಲ. ಮಹಡಿಯ ಮೇಲೆ ಎರಡು ಕೋಣೆ, ಒಂದು ಅಡುಗೆಮನೆ ತೋರಿಸಿ, "ಇವ್ರು ನಿಮ್ಗೆ ಏನಾಗ್ಬೇಕು?" ಅಂದಳು.

ನನ್ನ ತಂಗಿಯ ಮೊಮ್ಮಕ್ಕಳು ಅಂದುಬಿಟ್ಟೆ. ಹೇಳಿದ ಮೇಲೆ ಎಷ್ಟು ಹಗುರವಾಯಿತೆಂದರೆ, ಚೀಲದಲ್ಲಿದ್ದ ಕವರಿನ ನೆನಪೇ ಆಗಲಿಲ್ಲ. ಆಕೆ ಒಪ್ಪಿದಳು. ಆದರೆ ಬಾಡಿಗೆ ಕರಾರಿಗೆ ಒಂದು ತಿಂಗಳು ನಡತೆ ನೋಡಿ ಆಮೇಲೆ ಸಹಿ ಹಾಕುತ್ತೇನೆ ಅಂದಳು.

ಆ ಸಹಿಯ ಮೇಲೆ ಎಲ್ಲವೂ ನಿಂತಿತ್ತು. ಮನೆ ಓನರು ಸಹಿ ಹಾಕಿದ ಕರಾರನ್ನು ಸಮಿತಿಯ ಮುಂದಿನ ಸಭೆಯೊಳಗೆ ಕೊಡದಿದ್ದರೆ ಹುಡುಗಿಯರ ಹೆಸರು ಬಾಡಿಗೆ ನೆರವಿನ ಪಟ್ಟಿಯಿಂದ ಹೋಗುತ್ತಿತ್ತು. ಬಾಲಮಂದಿರದಲ್ಲಿ ಅವರು ಮಲಗುತ್ತಿದ್ದ ಜಾಗಕ್ಕೆ ಆಗಲೇ ಬೇರೆ ಮಕ್ಕಳು ಬಂದಿದ್ದರು. ಹಿರಿಯವಳಿಗೆ ಬಟ್ಟೆ ಹೊಲಿಯುವ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತ್ತು, ಅವರೂ ಸ್ವಂತ ವಿಳಾಸದ ಆಧಾರ್ ತನ್ನಿ ಅಂದಿದ್ದರು. ಕರಾರಿಲ್ಲದೆ ವಿಳಾಸವಿಲ್ಲ, ವಿಳಾಸವಿಲ್ಲದೆ ಕೆಲಸವಿಲ್ಲ. ಹಿಂದಕ್ಕೆ ಹೋಗಲು ಮೂವರಿಗೂ ಊರಿರಲಿಲ್ಲ.

ಮನೆಗೆ ಹೋದ ದಿನ ಹಾಲು ಉಕ್ಕಿಸಬೇಕು ಅಂತ ಮನೆಯಾಕೆ ತಾನೇ ಅರಿಶಿನ ಕುಂಕುಮ ತಂದು ಒಲೆಯ ಪಕ್ಕ ನಿಂತಳು. ನಾನು ಗಂಡ ಹೋದವಳು, ಗೋಡೆಯ ಕಡೆಗೆ ಸರಿದೆ. ಹಿರಿಯವಳು ಒಲೆ ಹಚ್ಚಿದಳು. ಹಾಲು ನೊರೆ ಕಟ್ಟಿ ಕಂಠದವರೆಗೆ ಎದ್ದು ಬಂತು. ಇನ್ನೇನು ಉಕ್ಕಬೇಕು, ಆ ಹುಡುಗಿ ಪಟಕ್ಕನೆ ಒಲೆ ಆರಿಸಿ ದುಪಟ್ಟಾದಲ್ಲಿ ಪಾತ್ರೆ ಹಿಡಿದು ಕೆಳಗಿಳಿಸಿದಳು. ಒಂದು ತೊಟ್ಟೂ ಚೆಲ್ಲಲಿಲ್ಲ ನೋಡಿ ಅಂತ ನಮ್ಮ ಕಡೆ ತಿರುಗಿದಳು.

ಬಾಲಮಂದಿರದ ಅಡುಗೆಮನೆಯಲ್ಲಿ ಹಾಲು ಉಕ್ಕಿಸಿದವಳಿಗೆ ಆ ದಿನ ಹಾಲಿಲ್ಲ. ಹನ್ನೆರಡು ವರ್ಷ ಅದನ್ನೇ ಕಲಿತವಳು. ಹೊಸ ಮನೆಯಲ್ಲಿ ಬೇಕೆಂದೇ ಉಕ್ಕಿಸುತ್ತಾರೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ, ನಾನೂ ಹೇಳಲಿಲ್ಲ. ಎಲ್ಲ ಹೆಣ್ಣುಮಕ್ಕಳಿಗೂ ಗೊತ್ತಿರುತ್ತದೆ ಅಂದುಕೊಂಡಿದ್ದೆ. ಮನೆಯಾಕೆ ಕುಂಕುಮದ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಯಾವ ಮನೇಲಿ ಬೆಳೆದವೋ ಅಂತ ಮೆಟ್ಟಿಲಿಳಿದು ಹೋದಳು.

ಆ ಹಿರಿಯವಳಿಗೆ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ನನಗೂ ಅವಳನ್ನು ಕಂಡರೆ ಆಗುತ್ತಿರಲಿಲ್ಲ, ಅದನ್ನು ಮುಚ್ಚಿಟ್ಟು ಬರೆದರೆ ಸುಳ್ಳಾಗುತ್ತದೆ. ಅವಳು ನನ್ನನ್ನು ಆಯಮ್ಮ ಅಂತ ಕರೆಯುತ್ತಿದ್ದಳು, ಬಾಲಮಂದಿರದಲ್ಲಿ ನೆಲ ಒರೆಸುವವರನ್ನು ಕರೆಯುವ ಹಾಗೆ. ಅವಳ ಮಾತು ಪುಸ್ತಕದ ಮಾತು, ಒಂದು ಊರಿನ ವಾಸನೆಯೂ ಇಲ್ಲ. ಸಾರು ಹೇಗಿದೆ ಅಂದರೆ, ಉಪ್ಪು ಕಡಿಮೆಯಿದೆ ಅನ್ನುವುದು, ಅಷ್ಟೆ. ಉಳಿದಿಬ್ಬರು ಅವಳ ಮುಖ ನೋಡಿ ಊಟಕ್ಕೆ ಕೂರುತ್ತಿದ್ದರು, ಅವಳು ಎದ್ದರೆ ಏಳುತ್ತಿದ್ದರು. ಚಪ್ಪಲಿಗಳನ್ನು ಬಾಗಿಲ ಹೊರಗೆ ಗೆರೆ ಎಳೆದ ಹಾಗೆ ಸಾಲಾಗಿ ಬಿಡುತ್ತಿದ್ದರು. ನನ್ನದು ಓರೆಯಾಗಿದ್ದರೆ ಹಿರಿಯವಳು ಕಾಲಿನಿಂದ ಸರಿ ಮಾಡಿ ಒಳಗೆ ಹೋಗುತ್ತಿದ್ದಳು.

ಬೀಗದ ಕೈ ನನ್ನ ಸೊಂಟದಲ್ಲಿರುತ್ತಿತ್ತು. ನಾನು ಸಂತೆಗೆ ಹೋದಾಗ ಅವರು ಬಂದರೆ ಮೆಟ್ಟಿಲ ಮೇಲೆ ಕಾಯಬೇಕು. ಒಂದು ಕೈ ನನಗೂ ಕೊಡಿ ಅಂತ ಅವಳು ಎರಡು ಸಲ ಕೇಳಿದ್ದಳು. ವಯಸ್ಸಿಗೆ ಬಂದ ಹೆಣ್ಣುಮಕ್ಕಳ ಕೈಗೆ ಬೀಗದ ಕೈ ಕೊಡುವುದುಂಟೇ ಅಂತ ನಾನು ಕೊಡಲಿಲ್ಲ.

ತಿಂಗಳು ಮುಗಿಯಲು ಒಂದು ವಾರವಿತ್ತು. ಒಂದು ಮಧ್ಯಾಹ್ನ ನಾನು ರೇಷನ್ ಅಂಗಡಿಯ ಸಾಲಿನಲ್ಲಿದ್ದಾಗ ಮಳೆ ಹೊಡೆಯಿತು. ತೋಯ್ದು ಬಂದು ನೋಡಿದರೆ ತಾರಸಿಯ ಮೇಲೆ ಒಣಹಾಕಿದ್ದ ನಮ್ಮ ಬಟ್ಟೆಗಳನ್ನು ಮನೆಯಾಕೆ ತೆಗೆದು ಮಡಿಸಿ ಇಟ್ಟುಕೊಂಡಿದ್ದಳು. ಆಕೆ ನಮಗೆ ಮಾಡಿದ ಉಪಕಾರ ಅದೊಂದೇ. ಅದರಿಂದಲೇ ಕೆಟ್ಟಿತು. ಪ್ರತಿ ಲಂಗದ ಒಳ ಅಂಚಿನಲ್ಲಿ, ಟವೆಲಿನ ಮೂಲೆಯಲ್ಲಿ ಕೆಂಪು ದಾರದ ನಂಬರಿತ್ತು. ಹದಿನಾಲ್ಕು, ಇಪ್ಪತ್ತೇಳು, ಮೂವತ್ತಮೂರು.

ಇದೇನು ಅಂತ ಕೇಳಿದಳು. ಹಾಸ್ಟೆಲಿನದು ಅಂದೆ. ಯಾವ ಹಾಸ್ಟೆಲು ಅಂದಳು. ನಾನು ಬಟ್ಟೆಗೆ ಕೈ ಚಾಚಿದೆ.

"ಜೈಲಲ್ಲಿ ಹಿಂಗೆ ಹಾಕ್ತಾರಂತೆ. ಅಲ್ಲಾ ಕಣಮ್ಮ, ನಿಮ್ ತಂಗಿ ಮೊಮ್ಮಕ್ಳು ಒಬ್ಳಾದ್ರೂ ನಿಮ್ಮಂಗೆ ಮಾತಾಡಲ್ವಲ್ಲ?"

ಬಟ್ಟೆ ಎತ್ತಿಕೊಂಡು ಮೇಲೆ ಬಂದೆ. ಮಾರನೆಯ ದಿನ ಮೂವರೂ ಹೊರಗೆ ಹೋದ ಮೇಲೆ ಬಾಗಿಲು ಹಾಕಿಕೊಂಡು, ಅರ್ಧ ಬ್ಲೇಡು, ಒಂದು ಸೂಜಿ ಹಿಡಿದು ಕೂತೆ. ಅವರ ಟ್ರಂಕುಗಳನ್ನೂ ತೆಗೆದೆ. ಒಂದೊಂದೇ ಎಳೆ ಕತ್ತರಿಸಿ, ಸೂಜಿಯ ತುದಿಯಿಂದ ಎತ್ತಿ ಎಳೆದೆ. ಹೊಲಿಗೆ ಬಲು ಗಟ್ಟಿ, ಹಿಂದಕ್ಕೊಂದು ಮುಂದಕ್ಕೊಂದು ಹಾಕಿ ಬಿಗಿದದ್ದು. ಸಂಜೆಯ ಹೊತ್ತಿಗೆ ಮಡಿಲ ತುಂಬ ಕೆಂಪು ನೂಲು. ಮುಗಿಸಿ ಒಂದು ಟವೆಲನ್ನು ಬೆಳಕಿಗೆ ಹಿಡಿದು ನೋಡಿದೆ. ದಾರ ಹೋಗಿತ್ತು, ತೂತುಗಳು ಉಳಿದಿದ್ದವು. ಚುಕ್ಕಿ ಚುಕ್ಕಿಯಾಗಿ ಇಪ್ಪತ್ತೇಳು ಹಾಗೇ ಕಾಣುತ್ತಿತ್ತು.

ಹಿರಿಯವಳು ಬಂದು ಮಡಿಲಿನ ನೂಲು ನೋಡಿದಳು. ಕೂಗಾಡುತ್ತಾಳೆ ಅಂದುಕೊಂಡೆ. ಕೂಗಾಡಲಿಲ್ಲ.

"ಯಾರನ್ನು ಕೇಳಿ ಬಿಚ್ಚಿದಿರಿ?"

"ಬೀದಿಯೋರು ಮಾತಾಡ್ತಾವ್ರೆ. ನಿಮ್ ಒಳ್ಳೇದಕ್ಕೇ ಕಣವ್ವ."

"ಇದನ್ನು ಹೊಲಿದವಳು ನಾನು. ಅಲ್ಲಿಗೆ ಹೊಸಬರು ಬಂದಾಗೆಲ್ಲ ನಂಬರು ಹೊಲಿದುಕೊಡುತ್ತಿದ್ದದ್ದು ನಾನು. ಅರವತ್ತು ಜನರ ಬಟ್ಟೆ ಒಂದೇ ಕಡೆ ಒಣಗುತ್ತಿತ್ತು. ಆದರೂ ನನ್ನದು ನನಗೇ ಬರುತ್ತಿತ್ತು. ನನ್ನದು ಅಂತ ಇದ್ದದ್ದು ಅಷ್ಟೇ."

ನಾನು ಏನೋ ಹೇಳಲು ಹೋದೆ. ಅವಳು ಬಿಡಲಿಲ್ಲ.

"ನಮ್ಮನ್ನು ಕೇಳದೆ ಅಜ್ಜಿ ಆದಿರಿ. ನಮ್ಮನ್ನು ಕೇಳದೆ ಟ್ರಂಕು ತೆಗೆದಿರಿ. ನಮಗೆ ಅಜ್ಜಿ ಬೇಕಾಗಿಲ್ಲ ಆಯಮ್ಮ. ಬೀಗದ ಕೈ ಬೇಕು."

ನನಗೆ ಮೈಯೆಲ್ಲ ಉರಿಯಿತು. ಬೀದಿ ಬೀದಿ ಅಲೆದು ಮನೆ ಹಿಡಿದವಳು ನಾನು, ಇವಳಿಗಾಗಿ ಸುಳ್ಳು ಹೇಳಿದವಳು ನಾನು. ಅವಳು ನನ್ನ ಮಡಿಲಿನಿಂದ ನೂಲನ್ನು ಬಾಚಿ ಎಸೆದು, ಹೊಸ ದಾರದುಂಡೆ ತೆಗೆದಳು. ಅದೇ ತೂತುಗಳಲ್ಲಿ ಸೂಜಿ ಇಳಿಸಿ ಮೊದಲು ತನ್ನ ದುಪ್ಪಟಿಗೆ, ಮೊದಲಿನದಕ್ಕಿಂತ ಎರಡರಷ್ಟು ದಪ್ಪವಾಗಿ ಹೊಲಿದಳು. ಬೆಳಿಗ್ಗೆ ಎದ್ದು ನೋಡುತ್ತೇನೆ, ದುಪ್ಪಟಿ ತಾರಸಿಯ ಬೀದಿ ಕಡೆಯ ಕಟ್ಟೆಯ ಮೇಲೆ ಹರಡಿತ್ತು. ಹಾಲಿನವನಿಗೂ ಕಾಣುವ ಹಾಗೆ ಇಪ್ಪತ್ತೇಳು.

ಅವತ್ತೇ ಬೀದಿ ತಿರುಗಿಬಿತ್ತು. ಹುಡುಗಿಯರು ಇಳಿದು ಹೋಗುವಾಗ ಹೆಂಗಸರು ತಮ್ಮ ಮಕ್ಕಳನ್ನು ಒಳಗೆ ಕರೆಯುತ್ತಿದ್ದರು. ನಮ್ಮ ಮೆಟ್ಟಿಲ ಕೆಳಗೆ ಬೀದಿಯ ಕಸವೆಲ್ಲ ಬಂದು ಸೇರಿತು. ಮನೆಯಾಕೆ ಟ್ಯಾಂಕಿನ ವಾಲ್ವು ತಿರುಗಿಸಿ ನೀರು ನಿಲ್ಲಿಸಿದಳು, ಮೋಟಾರು ಕೆಟ್ಟಿದೆ ಅಂದಳು. ಕೆಳಗೆ ಆಕೆಯ ಬಚ್ಚಲಲ್ಲಿ ನೀರು ಬೀಳುವ ಸದ್ದು ನಮಗೆ ಕೇಳಿಸುತ್ತಿತ್ತು. ಬೀದಿ ನಲ್ಲಿಯಲ್ಲಿ ನಮ್ಮ ಕೊಡವನ್ನು ಸಾಲಿನಿಂದ ಆಚೆ ಇಟ್ಟರು. ಹಿರಿಯವಳು ಅದನ್ನು ತಂದು ಮತ್ತೆ ಸಾಲಿನಲ್ಲಿಟ್ಟಳು. ಮತ್ತೆ ಆಚೆ ಇಟ್ಟರು. ಮತ್ತೆ ತಂದಿಟ್ಟಳು. ನಾನು ಕಿಟಕಿಯಿಂದ ನೋಡುತ್ತಾ ನಿಂತಿದ್ದೆ. ಕೆಳಗಿಳಿದು ಅವಳ ಪಕ್ಕ ನಿಲ್ಲಲಿಲ್ಲ. ಇವತ್ತಿಗೂ ನನಗೆ ನಾಚಿಕೆ ತರಿಸುವುದು ಅದು, ಸುಳ್ಳು ಹೇಳಿದ್ದಕ್ಕಿಂತ ಹೆಚ್ಚು.

ಸಮಿತಿಯ ಸಭೆಗೆ ನಾಲ್ಕು ದಿನವಿದ್ದಾಗ ಮನೆಯಾಕೆಯ ಹತ್ತಿರ ಹೋದೆ. ಪ್ಲಾಸ್ಟಿಕ್ ಕವರು ಕೈಯಲ್ಲಿತ್ತು, ಮೊದಲ ಸಲ. ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡು, ಇವರು ತಪ್ಪು ಮಾಡಿ ಸೇರಿದವರಲ್ಲ, ದಿಕ್ಕಿಲ್ಲದೆ ಸೇರಿದವರು ಅಂತ ಆದೇಶದ ಕಾಗದ ಮುಂದಿಟ್ಟೆ. ಆಕೆ ಅದನ್ನು ಮುಟ್ಟಲೇ ಇಲ್ಲ.

"ಮೊದ್ಲೇ ನಿಜ ಹೇಳಿದ್ರೆ ಕೊಡ್ತಿದ್ನೋ ಇಲ್ವೋ, ಆ ಮಾತು ಬೇರೆ. ಈಗ ನಿಮ್ ಯಾವ ಮಾತನ್ನ ನಂಬ್ಲಿ? ಸೋಮವಾರದೊಳಗೆ ಖಾಲಿ ಮಾಡಿ."

ಕಾಗದ ಎತ್ತಿಕೊಂಡು ಬಂದೆ. ಮೇಡಂಗೆ ಹೇಳಿದಾಗ ಅವರೂ ಬಿಡಲಿಲ್ಲ. ಕಾಗದ ತೋರಿಸಿ ಅಂತ ಕೊಟ್ಟರೆ ಒಂದು ತಿಂಗಳು ಚೀಲದಲ್ಲಿಟ್ಟುಕೊಂಡು ಓಡಾಡಿದಿರಾ, ನಾಲ್ಕು ದಿನದಲ್ಲಿ ಇನ್ನೊಂದು ಮನೆ ಎಲ್ಲಿಂದ ತರಲಿ ಅಂತ ಎಲ್ಲರ ಮುಂದೆ ಬೈದರು. ಮೂಗೂರು, ತಾಂಡವಪುರ, ಎಲ್ಲೆಲ್ಲಿಗೋ ಫೋನು ಮಾಡಿದರು. ಆಗಲಿಲ್ಲ.

ಆ ಸಂಜೆ ನಮ್ಮ ಮನೆಗೆ ಬರಲು ನರಸೀಪುರದ ಬಸ್ಸು ಹತ್ತಿದೆ. ದಾರಿಯಲ್ಲಿ ಹದಿನಾರು ಅನ್ನುವ ಊರು ದಾಟುವ ಹೊತ್ತಿಗೆ ಯೋಚನೆ ಬಂತು, ಊರು ತಲುಪುವ ಹೊತ್ತಿಗೆ ಗಟ್ಟಿಯಾಯಿತು. ನಮ್ಮ ಮನೆಯ ಮುಂಭಾಗದ ಎರಡು ಕೋಣೆಗೆ ಬೀದಿಯ ಕಡೆ ಬೇರೆ ಬಾಗಿಲಿದೆ. ಆಗ ಅಲ್ಲಿ ಭತ್ತದ ಮೂಟೆ ಇದ್ದವು. ನಿಮ್ಮಪ್ಪ ಅದನ್ನು ಗೊಬ್ಬರದ ಅಂಗಡಿಯವನಿಗೆ ಕೊಡಲು ಮಾತಾಡಿ ಇಟ್ಟಿದ್ದ.

ವಿಷಯ ಹೇಳಿದೆ. ನಿಮ್ಮಪ್ಪ ಊಟದ ತಟ್ಟೆ ಸರಿಸಿದ.

"ನೀನು ಸಂಬ್ಳಕ್ಕೋದವ್ಳು, ಸಂಬ್ಳದಷ್ಟು ಕೆಲ್ಸ ಮಾಡು. ಅದುನ್ನೆಲ್ಲ ಮನೆಗ್ಯಾಕವ್ವ ತತ್ತೀಯ? ಯಾರ್ ಮಕ್ಳೋ ಏನೋ. ನನ್ ಮಕ್ಳು ಇಲ್ಲಿ ಅವೆ."

"ಮನೆ ಖಾತೆ ನನ್ ಎಸ್ರಲ್ಲಿ ಅದೆ," ಅಂದೆ.

ಮಗನ ಮುಂದೆ ಆ ಮಾತು ಆಡುತ್ತೇನೆ ಅಂತ ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಅವನು ಎದ್ದು ಹೋದ. ಆಮೇಲೆ ಮೂರು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ನಿಮ್ಮಮ್ಮ ನಿಮ್ಮಿಬ್ಬರನ್ನೂ ಆ ಬಾಗಿಲ ಕಡೆ ಬಿಡುತ್ತಿರಲಿಲ್ಲ, ನೀವು ಚಿಕ್ಕವರು, ನೆನಪಿರಲಾರದು. ಅವರ ಮೇಲೆ ನನಗೆ ಸಿಟ್ಟಿಲ್ಲ. ತಿಂಗಳ ಹಿಂದೆ ಯಾರಾದರೂ ನನ್ನನ್ನು ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಮೇಡಂ ಇನ್ನೊಂದು ತೊಡಕು ತೆಗೆದರು. ಸಂಸ್ಥೆಯಲ್ಲಿ ಕೆಲಸ ಮಾಡುವವರು ಸಂಸ್ಥೆಗೇ ಮನೆ ಬಾಡಿಗೆಗೆ ಕೊಡುವ ಹಾಗಿಲ್ಲ, ಎರಡರಲ್ಲಿ ಒಂದು ಆರಿಸಿಕೊಳ್ಳಿ ಅಂದರು. ಅಲ್ಲೇ ಕೂತು ನಾಲ್ಕು ಸಾಲಿನಲ್ಲಿ ಕೆಲಸ ಬಿಟ್ಟಿದ್ದೇನೆ ಅಂತ ಬರೆದುಕೊಟ್ಟೆ. ಆಫೀಸಿಗೆ ನಾನು ಬರೆದ ಮೊದಲ ಕಾಗದ ಅದು.

ಹುಡುಗಿಯರಿಗೆ ಹೇಳಿದಾಗ ಕಿರಿಯವಳಿಗೆ ಅಳು ಬಂತು. ಹಿರಿಯವಳು ಪ್ರಶ್ನೆ ಕೇಳಿದಳು. ಕಾರ್ಖಾನೆಯ ವ್ಯಾನು ನರಸೀಪುರಕ್ಕೆ ಬರುತ್ತದಾ? ಬರುತ್ತದೆ ಅಂದೆ. ಬೀಗಕ್ಕೆ ಎಷ್ಟು ಕೈ? ಎರಡು. ಎರಡೂ ನಮ್ಮ ಹತ್ತಿರ ಇರಬೇಕು ಅಂದಳು. ನಿಮ್ಮ ಮನೆಯಿಂದ ಒಳಬಾಗಿಲು ಇದೆಯಾ? ಇದೆ. ಅದಕ್ಕೆ ನಮ್ಮ ಕಡೆಯಿಂದ ಚಿಲಕ ಹಾಕಿಸಿ ಅಂದಳು.

ಇವಳಿಗಾಗಿ ಸಂಬಳ ಬಿಟ್ಟೆ, ಮಗನ ಮಾತು ಬಿಟ್ಟೆ, ಇವಳು ನನಗೇ ಚಿಲಕ ಹಾಕುತ್ತಾಳಲ್ಲ ಅಂತ ಒಳಗೊಳಗೇ ಕುದಿದೆ. ಆದರೆ ಬಡಗಿಯನ್ನು ಕರೆಸಿದೆ. ಅವನು ಮೊಳೆ ಹೊಡೆಯುತ್ತಾ, "ಏನವ್ವ, ಯಜಮಾನಿನ ಆಚೆ ಮಡಗಾಕೆ ಯಜಮಾನಿನೇ ಚಿಲ್ಕ ಆಕುಸ್ತಾವ್ಳೆ," ಅಂತ ನಕ್ಕ. ನಾನು ಕೂಲಿ ಕೊಟ್ಟು ಕಳಿಸಿದೆ.

ಮೂಟೆ ತೆಗೆದು, ಸುಣ್ಣ ಬಳಿಸಿ, ಸಭೆಯ ಹಿಂದಿನ ದಿನ ತಾಲ್ಲೂಕು ಕಚೇರಿಯ ಹತ್ತಿರ ಕರಾರು ಬರೆಸಿದೆವು. ಹನ್ನೊಂದು ತಿಂಗಳಿಗೆ. ಮನೆಯ ಮಾಲೀಕರು ಅನ್ನುವ ಕಡೆ ನಾನು ಸಹಿ ಮಾಡಿದೆ. ಅಕ್ಷರ ಸೊಟ್ಟಗೆ ಬಂದವು. ಹಾಲಿನ ಶಾಸ್ತ್ರ ಮಾಡುತ್ತೀರಾ ಅಂತ ಹಿರಿಯವಳನ್ನು ಕೇಳಿದೆ, ಈ ಸಲ ಮೊದಲೇ ಬಿಡಿಸಿ ಹೇಳಿದೆ. ಚೆಲ್ಲುವುದು ಬೇಡ, ಕುಡಿಯುತ್ತೇವೆ ಅಂದಳು.

ಸಮಿತಿ ಕರಾರು ತೆಗೆದುಕೊಂಡಿತು. ಆದರೆ ಪೊಲೀಸರು ಮನೆ ನೋಡಿ ವರದಿ ಕೊಟ್ಟ ಮೇಲೆಯೇ ಮಂಜೂರು ಅಂದರು. ಎರಡು ವಾರ ಬಿಟ್ಟು ಒಬ್ಬ ಪೇದೆ ಬಂದ. ಬೀದಿಯ ನಡುವೆ ಗಾಡಿ ನಿಲ್ಲಿಸಿ, ಸುತ್ತಲಿನ ಮನೆಯವರೆಲ್ಲ ಕೇಳುವ ಹಾಗೆ ನನ್ನ ಹೆಸರು ಕೂಗಿದ. ಎದುರು ಮನೆಯ ಜಗುಲಿಯಲ್ಲಿ ಆಗಲೇ ನಾಲ್ಕು ಜನ. ನಿಮ್ಮಪ್ಪ ಒಳಗಿನ ಕಿಟಕಿಯ ಹಿಂದೆ ನಿಂತಿದ್ದ, ಹೊರಗೆ ಬರಲಿಲ್ಲ.

"ಏನಜ್ಜಿ, ಈ ಹುಡ್ಗೀರು ನಿಂಗೆ ಏನಾಗ್ಬೇಕು?"

ನಂಜನಗೂಡಿನ ಮನೆಯಾಕೆ ಕೇಳಿದ್ದೂ ಇದೇ ಮಾತು. ತಂಗಿಯ ಮೊಮ್ಮಕ್ಕಳು ಮತ್ತೆ ನಾಲಿಗೆಯವರೆಗೆ ಬಂದರು.

"ಏನೂ ಆಗ್ಬೇಕಾಗಿಲ್ಲ ಸಾ," ಅಂದೆ. "ಬಾಲಮಂದಿರದಿಂದ ಬಂದವ್ರೆ. ನನ್ ಮನೇಲಿ ಬಾಡ್ಗೆಗವ್ರೆ."

ಜಗುಲಿಯಲ್ಲಿ ಯಾರೋ ನಕ್ಕರು. ಸಂಬಂಧವೇ ಇಲ್ಲದ ಮೇಲೆ ನಾಳೆ ಏನಾದರೂ ಆದರೆ ಯಾರು ಜವಾಬ್ದಾರಿ ಅಂತ ಪೇದೆ ಕೇಳಿದ. ನಾನು ಪ್ಲಾಸ್ಟಿಕ್ ಕವರು ತೆಗೆದು ಆದೇಶ, ಪತ್ರ, ಕರಾರು ಒಂದೊಂದೇ ಅವನ ಗಾಡಿಯ ಸೀಟಿನ ಮೇಲೆ ಹರಡಿದೆ. ಅವನು ಓದಿ, ಮನೆ ಒಳಗೆ ನೋಡಬೇಕು, ಬಾಗಿಲು ತೆಗಿ ಅಂದ.

"ಕೈ ನನ್ ಅತ್ರ ಇಲ್ಲ ಸಾ. ಕೇಳ್ಬೇಕು."

ಹೋಗಿ ನಮ್ಮದೇ ಮನೆಯ ಬಾಗಿಲು ಬಡಿದೆ. ಒಳಗಿನಿಂದ ಹಿರಿಯವಳು, ಯಾರು ಅಂದಳು.

"ನಾನು, ಮನೆ ಓನರು. ಸ್ಟೇಷನ್ನಿಂದ ನೋಡಾಕೆ ಬಂದವ್ರೆ. ಒಳಿಕ್ಕೆ ಬರ್ಬೋದಾ?"

ಚಿಲಕ ಸರಿಯಿತು. ಬಾಗಿಲು ಅರ್ಧ ತೆರೆದು ಅವಳು ಪೇದೆಯನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ನನ್ನನ್ನೂ ನೋಡಿದಳು.

"ಬನ್ನಿ. ಚಪ್ಪಲಿ ಹೊರಗೆ ಬಿಡಿ, ಇಬ್ಬರೂ."

ಪೇದೆ ಗೊಣಗುತ್ತಾ ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದ. ನಾನು ನನ್ನ ಚಪ್ಪಲಿಯನ್ನು ಅವರ ಮೂರು ಜೊತೆಯ ಪಕ್ಕಕ್ಕೆ, ಸಾಲು ಕೆಡದ ಹಾಗೆ ಬಿಟ್ಟು, ಅವನು ಬೂಟು ಬಿಚ್ಚುವವರೆಗೆ ಹೊಸ್ತಿಲ ಹೊರಗೇ ನಿಂತೆ.